ಕಾಡಿನ ಚಿತ್ರದಲ್ಲಿ ಕುಂಚವನ್ನೂ ಬೆಳಕನ್ನೂ ನೋಡುವ ಬಗೆ

ಘಟ್ಟದ ಕಾಡನ್ನು ಕಂಡು ಬೆಳೆದು ಮುಂಬಯಿಗೆ ಬಂದ ಕನ್ನಡಿಗರು ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿಯಲ್ಲಿ ಕಾಡಿನ ಚಿತ್ರದ ಮುಂದೆ ನಿಂತರೆ, ಮೊದಲು ಅದು ಹಲಸೋ ಹೊನ್ನೆಯೋ ಎಂದು ಹುಡುಕುತ್ತಾರೆ. ಮರದ ಹೆಸರನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಹತ್ತು ಹೆಜ್ಜೆ ಹಿಂದೆ ಸರಿದು, ಕಣ್ಣನ್ನು ಅರೆಮುಚ್ಚಿ ನೋಡಿ. ಎಲೆ, ಕೊಂಬೆಗಳೆಲ್ಲ ಕರಗಿ ಮೂರು ನಾಲ್ಕು ನೆರಳು-ಬೆಳಕಿನ ರಾಶಿಗಳಷ್ಟೇ ಉಳಿಯುತ್ತವೆ. ಬಿಳಿ ಬಣ್ಣ ಎಷ್ಟೇ ಬೆಳ್ಳಗಿದ್ದರೂ ಬಿಸಿಲಿಗೆ ಸಾಟಿಯಾಗದು. ಆದ್ದರಿಂದ ಕಲಾವಿದರು ಸುತ್ತಲಿನ ಬಣ್ಣಗಳನ್ನು ತಗ್ಗಿಸಿ ಒಂದು ಚಿಕ್ಕ ಜಾಗವನ್ನು ಹೊಳೆಯಿಸುತ್ತಾರೆ.

ಈಗ ಹತ್ತಿರ ಹೋಗಿ, ಆದರೆ ನೇರವಾಗಿ ನಿಲ್ಲದೆ ಓರೆಯಾಗಿ ನಿಲ್ಲಿ. ಈ ನೋಟವನ್ನು ಎಷ್ಟು ಸಲ ಅಭ್ಯಾಸ ಮಾಡಿದರೂ ಕಡಿಮೆಯೇ ಎಂಬುದು ನನ್ನ ಅನುಭವ. ತೈಲವರ್ಣದ ಹಳೆಯ ಪದ್ಧತಿಯಲ್ಲಿ ನೆರಳಿನ ಭಾಗವನ್ನು ಕ್ಯಾನ್ವಾಸಿನ ನೇಯ್ಗೆ ಕಾಣುವಷ್ಟು ತೆಳುವಾಗಿಯೂ, ಬೆಳಕಿನ ಭಾಗವನ್ನು ದಪ್ಪವಾಗಿಯೂ ಹಚ್ಚುತ್ತಿದ್ದರು. ತೆಳು ಪದರದೊಳಗೆ ಬೆಳಕು ಇಳಿದು ಮರಳುವುದರಿಂದ ಕತ್ತಲೆಗೆ ಆಳ ಬರುತ್ತದೆ. ದಪ್ಪ ಬಣ್ಣದ ಏಣು ದೀಪದ ಬೆಳಕನ್ನು ತಾನೇ ಹಿಡಿದು ಮಿನುಗುತ್ತದೆ. ಸಮೀಪದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯದಲ್ಲಿರುವ, ಟಾಟಾ ಸಹೋದರರ ಸಂಗ್ರಹದಿಂದ ಬಂದ ಯುರೋಪಿನ ತೈಲಚಿತ್ರಗಳು ಈ ಅಭ್ಯಾಸಕ್ಕೆ ಒಳ್ಳೆಯವು. ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್ (1776–1837) ಎಲೆಗಳ ಹೊಳಪಿಗಾಗಿ ಬಿಳಿಯನ್ನು ಚುಕ್ಕೆಚುಕ್ಕೆಯಾಗಿ ಇಟ್ಟಾಗ ಅಂದಿನ ವಿಮರ್ಶಕರು ಅದನ್ನು ಹಿಮವೆಂದು ಹಂಗಿಸಿದ್ದರು. ದೂರದಿಂದ ನೋಡಿದರೆ ಅದೇ ಹಿಮ ಒದ್ದೆ ಎಲೆಯಾಗುತ್ತದೆ. ಜಲವರ್ಣದಲ್ಲಿ ಈ ಲೆಕ್ಕ ತಲೆಕೆಳಗು: ಅಲ್ಲಿ ಬೆಳಕೆಂದರೆ ಬಣ್ಣ ಮುಟ್ಟದೆ ಬಿಟ್ಟ ಕಾಗದ.

ಎಲೆಗಳ ನಡುವಿನ ಆಕಾಶದ ಕಿಂಡಿಗಳನ್ನೂ ಗಮನಿಸಿ. ನುರಿತ ಕೈ ಅವುಗಳನ್ನು ತೆರೆದ ಆಕಾಶಕ್ಕಿಂತ ತುಸು ಮಂಕಾಗಿ ಬರೆಯುತ್ತದೆ, ಇಲ್ಲದಿದ್ದರೆ ಅವು ಎಲೆಗಳ ಮುಂದೆ ಅಂಟಿಸಿದ ಚೂರುಗಳಂತೆ ತೋರುತ್ತವೆ.

ಕೊನೆಗೆ ನೆಲವನ್ನು ನೋಡಿ. ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೋದರೆ, ಎತ್ತರದ ಮರಗಳ ಕೆಳಗೆ ಬಿದ್ದ ಬಿಸಿಲಿನ ಬಿಲ್ಲೆಗಳು ಬಹುಮಟ್ಟಿಗೆ ದುಂಡಗಿರುವುದು ಕಾಣುತ್ತದೆ. ಎಲೆಗಳ ಸಂದಿ ಯಾವ ಆಕಾರದ್ದಾದರೂ, ಅದು ಸಾಕಷ್ಟು ಚಿಕ್ಕದಾಗಿದ್ದರೆ ನೆಲದ ಮೇಲೆ ಮೂಡುವುದು ಸೂರ್ಯನ ಬಿಂಬವೇ. ದೂರ ಹೋದಂತೆ ಆ ಬಿಲ್ಲೆಗಳು ನಮ್ಮ ಕಣ್ಣಿಗೆ ಚಪ್ಪಟೆಯಾಗುತ್ತಾ ಸಾಗುತ್ತವೆ. ಚಿತ್ರದಲ್ಲಿಯೂ ಹಾಗೆಯೇ ಬರೆದಿದ್ದರೆ ಕಾಡಿನ ನೆಲ ನಿಮ್ಮ ಕಾಲಬುಡದಿಂದ ಒಳಗೆ ಹರಡಿಕೊಳ್ಳುತ್ತದೆ. ಎಲ್ಲವನ್ನೂ ಒಂದೇ ಅಳತೆಯಲ್ಲಿ ದುಂಡಗೆ ಇಟ್ಟಿದ್ದರೆ, ಎಷ್ಟೇ ಚೆಂದದ ಹಸಿರಿದ್ದರೂ ಆ ನೆಲ ಗೋಡೆಯಂತೆ ಎದ್ದು ನಿಲ್ಲುತ್ತದೆ.