ಹೊಟ್ಟೆಯ ಕೊಬ್ಬಿಗೂ ಕರುಳಿನ ಬ್ಯಾಕ್ಟೀರಿಯಾಕ್ಕೂ ನಂಟು: ಮೊಸರು, ಅಂಬಲಿ, ಕಾಳು ಬಳಸುವ ಕ್ರಮ

ಜಪಾನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 87 ಮಂದಿ 12 ವಾರ ದಿನಕ್ಕೆ 200 ಗ್ರಾಂ ಹುದುಗಿಸಿದ ಹಾಲು ಕುಡಿದರು. ಲ್ಯಾಕ್ಟೋಬ್ಯಾಸಿಲಸ್ ಗ್ಯಾಸ್ಸೆರಿ ಎಂಬ ಬ್ಯಾಕ್ಟೀರಿಯಾದ ಒಂದು ತಳಿ ಬೆರೆತ ಹಾಲು ಕುಡಿದವರಲ್ಲಿ ಹೊಟ್ಟೆಯೊಳಗಿನ ಕೊಬ್ಬು ಸರಾಸರಿ 4.6% ಇಳಿಯಿತು. 2013ರ ದೊಡ್ಡ ಪ್ರಯೋಗದಲ್ಲಿ, ಕುಡಿಯುವುದನ್ನು ನಿಲ್ಲಿಸಿ ನಾಲ್ಕು ವಾರವಾಗುವಷ್ಟರಲ್ಲಿ ಆ ಲಾಭ ಕುಗ್ಗಿತ್ತು. ಪರಿಣಾಮ ಇದೆ, ಆದರೆ ಚಿಕ್ಕದು, ಬಿಟ್ಟರೆ ಉಳಿಯದು. ಆದ್ದರಿಂದ ದಿನವೂ ತಿನ್ನಲು ಆಗುವಂಥದ್ದನ್ನೇ ಆರಿಸಿಕೊಳ್ಳಿ.

ಕರುಳಿನ ಬ್ಯಾಕ್ಟೀರಿಯಾ ಕೊಬ್ಬಿನ ಲೆಕ್ಕ ಬದಲಿಸುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ನಮಗೆ ಜೀರ್ಣವಾಗದ ನಾರನ್ನು ದೊಡ್ಡ ಕರುಳಿನಲ್ಲಿ ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಆಮ್ಲಗಳನ್ನು ಮಾಡುತ್ತವೆ. ಇವು ತಾಗಿದಾಗ ಕರುಳಿನ ಕೋಶಗಳು ಜಿಎಲ್‌ಪಿ-1, ಪಿವೈವೈ ಹಾರ್ಮೋನುಗಳನ್ನು ಬಿಡುತ್ತವೆ, ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ಮುಟ್ಟುತ್ತದೆ. ಇನ್ನೊಂದು, ಲ್ಯಾಕ್ಟೋಬ್ಯಾಸಿಲಸ್ ಮತ್ತು ಬೈಫಿಡೊಬ್ಯಾಕ್ಟೀರಿಯಾದ ಹಲವು ತಳಿಗಳು ಪಿತ್ತರಸದ ಲವಣಗಳನ್ನು ಒಡೆಯುತ್ತವೆ. ಒಡೆದವು ಮಲದ ಜೊತೆ ಹೆಚ್ಚು ಹೊರಹೋದರೆ, ಯಕೃತ್ತು ಕೊಲೆಸ್ಟರಾಲನ್ನು ಖರ್ಚು ಮಾಡಿ ಹೊಸ ಪಿತ್ತ ಲವಣಗಳನ್ನು ತಯಾರಿಸಬೇಕಾಗುತ್ತದೆ. ಮೊದಲ ದಾರಿಗೆ ನಾರು ಬೇಕೇ ಬೇಕು. ಮೊಸರು ತಿಂದು ಪಾಲಿಶ್ ಅಕ್ಕಿಯಲ್ಲೇ ದಿನ ಕಳೆದರೆ ಬ್ಯಾಕ್ಟೀರಿಯಾ ಉಪವಾಸ ಬಿದ್ದಂತೆ.

ಮೊಸರಿಗೆ ಅರ್ಧ ಲೀಟರ್ ಟೋನ್ಡ್ ಹಾಲು ಕಾಯಿಸಿ, ಬೆರಳಿಟ್ಟರೆ ಹಿತವಾದ ಬಿಸಿಗೆ, ಅಂದರೆ 40ರಿಂದ 43 ಡಿಗ್ರಿಗೆ ಆರಿಸಿ ಒಂದು ಟೀ ಚಮಚ ಹೆಪ್ಪು ಕಲಸಿ. ಹಾಲು ತೀರಾ ಬಿಸಿಯಿದ್ದರೆ ಹೆಪ್ಪಿನ ಜೀವಿಗಳೇ ಸಾಯುತ್ತವೆ, ಮೊಸರು ಕಟ್ಟುವುದಿಲ್ಲ. ಬೇಸಿಗೆಯಲ್ಲಿ 5-6 ಗಂಟೆ ಸಾಕು. ಚಳಿಗಾಲದ ಬೆಂಗಳೂರಿನಲ್ಲಿ 10 ಗಂಟೆ ಮೀರಿದರೂ ಸಹಜ. ಕಟ್ಟಿದ ಮೇಲೆ ಫ್ರಿಜ್‌ಗೆ ಇಟ್ಟು ಎರಡು-ಮೂರು ದಿನದಲ್ಲಿ ಮುಗಿಸಿ. ಮನೆಯ ಹೆಪ್ಪಿನಲ್ಲಿ ಜಪಾನಿನ ಆ ತಳಿ ಇರುತ್ತದೆಂದು ಎಣಿಸಬೇಡಿ. ಮಜ್ಜಿಗೆ ಹುಳಿಯಲ್ಲಿ ಕುದಿಸಿದ ಮೊಸರು, ಹಬೆಯಲ್ಲಿ ಬೆಂದ ಇಡ್ಲಿ ಒಳ್ಳೆಯ ಆಹಾರವೇ, ಆದರೆ ಅವುಗಳಲ್ಲಿ ಜೀವಂತ ಬ್ಯಾಕ್ಟೀರಿಯಾ ಉಳಿದಿರುವುದಿಲ್ಲ.

ಅಂಬಲಿಯಲ್ಲಿ ಜನ ಎಡವುವುದೂ ಇಲ್ಲೇ. ಎರಡು ದೊಡ್ಡ ಚಮಚ ರಾಗಿಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ಕುದಿಯುವ ಎರಡು ಲೋಟ ನೀರಿಗೆ ಸುರಿದು, ಹಸಿ ವಾಸನೆ ಹೋಗುವ ತನಕ ತಿರುವಿ. ಪೂರ್ತಿ ತಣ್ಣಗಾದ ಮೇಲೆ ಅರ್ಧ ಲೋಟ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ. ಬಿಸಿಯಿರುವಾಗಲೇ ಮಜ್ಜಿಗೆ ಹುಯ್ದರೆ ರುಚಿ ಸಿಗುತ್ತದೆ, ಜೀವಿಗಳು ಸಿಗುವುದಿಲ್ಲ.

ನಾರಿನ ವಿಷಯಕ್ಕೆ ಬಂದರೆ, 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ, ಅಷ್ಟೇ ಪಾಲಿಶ್ ಅಕ್ಕಿಯಲ್ಲಿ ಸುಮಾರು 3 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಹೇಳುತ್ತದೆ. ಒಂದು ಹೊತ್ತು ಮುದ್ದೆ, ದಿನಕ್ಕೊಂದು ಬಟ್ಟಲು ಬೆಂದ ಹುರುಳಿ, ಅಲಸಂದೆ ಅಥವಾ ಅವರೆ, ಎರಡು ಹೊತ್ತು ಸೊಪ್ಪು ಇದ್ದರೆ ಗುರಿ ಹತ್ತಿರವಾಗುತ್ತದೆ. ಒಮ್ಮೆಲೇ ಏರಿಸಿದರೆ ಹೊಟ್ಟೆ ಉಬ್ಬರಿಸಿ ಮೂರನೇ ದಿನಕ್ಕೆ ಬಿಟ್ಟುಬಿಡುತ್ತೀರಿ. ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿ. ಮೊದಲ ವಾರ ಕಾಲು ಬಟ್ಟಲು, ಮುಂದಿನ ವಾರ ಅರ್ಧ. ನೀರು ಕುಡಿಯುವುದನ್ನೂ ಹೆಚ್ಚಿಸದಿದ್ದರೆ ಮಲಬದ್ಧತೆ ಕಾಡುತ್ತದೆ.

ಸಕ್ಕರೆ ಸುರಿದ ಲಸ್ಸಿ, ಹಣ್ಣಿನ ರುಚಿಯ ಸಿಹಿ ಮೊಸರು ತೂಕ ಇಳಿಸುವವರಿಗೆ ಸಲ್ಲ. ಜೀವಂತ ಬ್ಯಾಕ್ಟೀರಿಯಾ ತುಂಬಿದ ಕ್ಯಾಪ್ಸೂಲ್ ಕೊಳ್ಳುವುದಾದರೆ ಡಬ್ಬಿಯ ಮೇಲೆ ತಳಿಯ ಪೂರ್ಣ ಹೆಸರು, ಅವಧಿ ಮುಗಿಯುವ ದಿನದವರೆಗೂ ಉಳಿಯುವ ಜೀವಿಗಳ ಸಂಖ್ಯೆ ಇದೆಯೇ ನೋಡಿ. ಒಂದು ತಳಿಯ ಫಲ ಇನ್ನೊಂದಕ್ಕೆ ಅನ್ವಯಿಸದು. ಕೀಮೋಥೆರಪಿಯಲ್ಲಿರುವವರು, ಅಂಗಾಂಗ ಕಸಿ ಆದವರು, ರೋಗನಿರೋಧಕ ಶಕ್ತಿ ಕುಗ್ಗಿದವರು ವೈದ್ಯರನ್ನು ಕೇಳದೆ ಇಂಥ ಕ್ಯಾಪ್ಸೂಲ್ ಮುಟ್ಟಬಾರದು.

ತೂಕದ ಯಂತ್ರಕ್ಕಿಂತ ಟೇಪನ್ನು ನಂಬಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ ಅಳೆದು ಬರೆದಿಡಿ. ಭಾರತೀಯ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಹೊಟ್ಟೆಯ ಬೊಜ್ಜು ಎನ್ನುತ್ತಾರೆ. ಎರಡು ವಾರಕ್ಕೊಮ್ಮೆ ಅಳೆದು, 12 ವಾರ ಕಳೆದ ಮೇಲೆ ಹೋಲಿಸಿ.