ಕಲ್ಲುಗೋಡೆ ಮನೆಗೆ ಹೊಸ ರೂಟರ್: ನಾನು ಅಳೆದು ನೋಡಿ ಹಾಕಿದ್ದು

ತಿಂಗಳ 20ನೇ ತಾರೀಖು ಬಂತೆಂದರೆ ನನಗೆ ಊಟ ನಿದ್ದೆ ಹೊತ್ತಿಗೆ ಆಗುವುದಿಲ್ಲ. ರಾಯಚೂರಿನಲ್ಲಿ ಎರಡು ಅಕ್ಕಿ ಗಿರಣಿ, ಒಂದು ಹತ್ತಿ ಜಿನ್ನಿಂಗ್ ಮಿಲ್ಲು, ಕೆಲವು ಅಂಗಡಿಗಳ ಲೆಕ್ಕ ನಾನು ಮನೆಯಿಂದಲೇ ನೋಡುತ್ತೇನೆ. ತಿಂಗಳ ಜಿಎಸ್‌ಟಿ ರಿಟರ್ನ್, ಅಂದರೆ ಜಿಎಸ್‌ಟಿಆರ್-3ಬಿ ಸಲ್ಲಿಸಲು ಅದೇ ಕೊನೇ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ದಂಡ, ಮೇಲೆ ಬಡ್ಡಿ. ಹೋದ ವರ್ಷ ಇಂಥದ್ದೇ ಒಂದು ರಾತ್ರಿ ಓಟಿಪಿ ಹಾಕಿ ಒತ್ತಿದೆ. ಚಕ್ರ ತಿರುಗುತ್ತಾ ನಿಂತಿತು. ವೈಫೈ ಹೋಗಿತ್ತು. ಲ್ಯಾಪ್‌ಟಾಪ್ ಎತ್ತಿಕೊಂಡು ಪಡಸಾಲೆಗೆ ಬಂದು, ಟಿವಿ ಪಕ್ಕ ನೆಲದ ಮೇಲೆ ಕೂತು ಕೆಲಸ ಮುಗಿಸಿದೆ. ಹೊಸ ರೂಟರ್ ತರಲೇಬೇಕು ಅಂತ ಆವತ್ತೇ ಗಟ್ಟಿ ಮಾಡಿದೆ.

ತರುವ ಮೊದಲು ಹಳೆಯದನ್ನು ಅಳೆದೆ. ಆರಂಭದ ಶಿಲ್ಕು ಬರೆಯದೆ ಖಾತೆ ಶುರು ಮಾಡಲು ಆಗುವುದಿಲ್ಲ, ಅಲ್ವಾ? ಇಲ್ಲೂ ಹಾಗೆಯೇ. ಮೊದಲು ಎಷ್ಟಿತ್ತು ಅಂತ ಗೊತ್ತಿಲ್ಲದಿದ್ದರೆ ಆಮೇಲೆ ಎಷ್ಟು ಸುಧಾರಿಸಿತು ಅಂತ ಹೇಳುವುದು ಹೇಗೆ?

ನಮ್ಮದು ಹಳೇ ಓಣಿಯ ಮನೆ. ಮಾವನ ಅಪ್ಪ ಕಟ್ಟಿಸಿದ್ದು. ಕಲ್ಲು, ಮಣ್ಣಿನ ಗೋಡೆ. ಟೇಪು ಹಿಡಿದು ನೋಡಿದೆ, 22 ಇಂಚು ದಪ್ಪ. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಅಡುಗೆಮನೆ, ಕೊನೆಗೆ ನಾನು ಕೆಲಸ ಮಾಡುವ ಹಿತ್ತಲ ಕೋಣೆ. ಮೇಲೆ ಮಾಳಿಗೆ. ಈ ಐದು ಜಾಗದಲ್ಲಿ ಅಳತೆ ತೆಗೆದೆ. ಎಲ್ಲ ಕಡೆ ಒಂದೇ ಫೋನು, ರಾತ್ರಿ ಒಂಬತ್ತರ ಹೊತ್ತು, ಒಂದೊಂದು ಕಡೆ ಮೂರು ಸಲ. ಮೂರರಲ್ಲಿ ನಡುವಿನ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದೆ. ಒಂದೇ ಸಲ ನೋಡಿದ ಅಂಕಿಯನ್ನು ನಾನು ನಂಬುವುದಿಲ್ಲ. ಅದು ಕ್ಷಣಕ್ಕೊಂದು ತರ ಬರುತ್ತದೆ.

ಎರಡು ಅಂಕಿ ಬರೆದುಕೊಂಡೆ. ಒಂದು ಸ್ಪೀಡು, ಎಂಬಿಪಿಎಸ್ ಲೆಕ್ಕದಲ್ಲಿ. ಇನ್ನೊಂದು ಸಿಗ್ನಲ್ ಬಲ, ಡಿಬಿಎಂ ಲೆಕ್ಕದಲ್ಲಿ. ಫೋನಿನಲ್ಲಿ ಕಾಣುವ ಗೆರೆಗಳಿಂದ ಏನೂ ತಿಳಿಯುವುದಿಲ್ಲ. ವೈಫೈ ಅಳೆಯುವ ಪುಕ್ಕಟೆ ಆಪ್ ಹಾಕಿಕೊಂಡರೆ ಡಿಬಿಎಂ ಸಿಗುತ್ತದೆ. ಅದು ಮೈನಸ್‌ನಲ್ಲಿ ಇರುತ್ತದೆ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಮೈನಸ್ 50 ಅಂದರೆ ಗಟ್ಟಿ ಸಿಗ್ನಲ್. ಮೈನಸ್ 67ರವರೆಗೆ ವಿಡಿಯೊ ಕರೆ ಚೆನ್ನಾಗಿ ನಡೆಯುತ್ತದೆ. ಮೈನಸ್ 80 ದಾಟಿದರೆ ಕಷ್ಟ. ಪ್ರತಿ 3 ಡಿಬಿ ಇಳಿದಾಗ ಬಲ ಅರ್ಧ ಆಗುತ್ತದೆ. ಹಾಗಾಗಿ ಮೈನಸ್ 50ಕ್ಕೂ ಮೈನಸ್ 80ಕ್ಕೂ ಸಾವಿರ ಪಟ್ಟು ವ್ಯತ್ಯಾಸ. ನನ್ನ ಕೋಣೆಯಲ್ಲಿ ಬಂದದ್ದು ಮೈನಸ್ 83, ಸ್ಪೀಡು 4. ನಾವು ದುಡ್ಡು ಕಟ್ಟುವುದು 200 ಎಂಬಿಪಿಎಸ್ ಪ್ಲಾನಿಗೆ.

ರೂಟರ್ ಆರಿಸಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ವೈಫೈ 6 ಇರಬೇಕು, ಕೇಬಲ್ ಸಿಕ್ಕಿಸುವ ಎಲ್ಲ ಪೋರ್ಟುಗಳೂ ಗಿಗಾಬಿಟ್ (1000 ಎಂಬಿಪಿಎಸ್) ಇರಬೇಕು, ವೈಫೈಗೆ ಬೀಗ ಹಾಕುವ ಹೊಸ ಪದ್ಧತಿ ಡಬ್ಲ್ಯುಪಿಎ3 ಇರಬೇಕು ಅಂತ ನೋಡಿದೆ. ಮೂರು ಸಾವಿರದ ಚಿಲ್ಲರೆಗೆ ಸಿಕ್ಕಿತು. ಡಬ್ಬಿಯ ಮೇಲೆ ಎಎಕ್ಸ್1500 ಅಂತ ಬರೆದಿರುತ್ತದೆ. ಅದನ್ನು ನೋಡಿ 1500 ಸ್ಪೀಡು ಬರುತ್ತದೆ ಅಂದುಕೊಳ್ಳಬಾರದು. ರೂಟರ್ ಬಳಸುವ ಎರಡು ಬಗೆಯ ಅಲೆಗಳಲ್ಲಿ 5 ಗಿಗಾಹರ್ಟ್ಸ್‌ನ 1201, 2.4 ಗಿಗಾಹರ್ಟ್ಸ್‌ನ 300, ಎರಡನ್ನೂ ಕೂಡಿಸಿ ಬರೆದ ಅಂಕಿ ಅದು. ಒಂದು ಫೋನು ಒಂದು ಹೊತ್ತಿಗೆ ಅವೆರಡರಲ್ಲಿ ಒಂದನ್ನೇ ಹಿಡಿಯುತ್ತದೆ. ಅದೂ ಪೂರ್ತಿ ಕೈಗೆ ಸಿಗುವುದಿಲ್ಲ.

ಹಾಕುವ ದಿನ ಭಾನುವಾರ. ಮಗನಿಗೆ ಕ್ಲಾಸ್ ಇರಲಿಲ್ಲ. ಫೈಬರ್ ಕಂಪನಿಯ ಡಬ್ಬಿಯನ್ನು ತೆಗೆದು ಬಿಸಾಡಲು ಬರುವುದಿಲ್ಲ. ಗಾಜಿನ ಎಳೆಯಲ್ಲಿ ಬರುವ ಬೆಳಕನ್ನು ನಮ್ಮ ತಂತಿಗೆ ಬದಲಿಸಿ ಕೊಡುವುದು ಅದೇ. ನಮ್ಮ ರೂಟರ್ ಅದರ ಹಿಂದೆ ಕೂರಬೇಕು. ಹಾಗೇ ಕೂರಿಸಿದರೆ ಎರಡೂ ರೂಟರ್ ಕೆಲಸವನ್ನೇ ಮಾಡುತ್ತವೆ. ಒಂದು ಮನೆಗೆ ಇಬ್ಬರು ಯಜಮಾನರು ಇದ್ದಂತೆ. ಅದಕ್ಕೆ ಕಂಪನಿಗೆ ಫೋನ್ ಮಾಡಿ, ಅವರ ಡಬ್ಬಿಯನ್ನು ಬ್ರಿಡ್ಜ್ ಮೋಡಿಗೆ, ಅಂದರೆ ರೂಟರ್ ಕೆಲಸ ಬಿಟ್ಟುಕೊಡುವಂತೆ, ಹಾಕಿಸಿಕೊಂಡೆ. ನಮ್ಮ ರೂಟರ್ ಅವರ ಲೈನಿಗೆ ಲಾಗಿನ್ ಆಗಲು ಬೇಕಾದ ಪಿಪಿಪಿಒಇ ಯೂಸರ್ ನೇಮ್, ಪಾಸ್‌ವರ್ಡ್ ಕೇಳಿ ಬರೆದುಕೊಂಡೆ. ಅವರ ವೈಫೈ ಆಫ್ ಆಗಿದೆಯಾ ಅಂತಲೂ ನೋಡಿದೆ. ಇಲ್ಲದಿದ್ದರೆ ಎರಡು ವೈಫೈ ಒಂದಕ್ಕೊಂದು ಅಡ್ಡ ಬರುತ್ತವೆ.

ಲ್ಯಾಪ್‌ಟಾಪನ್ನು ಕೇಬಲಿನಲ್ಲಿ ರೂಟರಿಗೆ ಸಿಕ್ಕಿಸಿ, ಬ್ರೌಸರಿನಲ್ಲಿ ರೂಟರಿನ ವಿಳಾಸ 192.168.0.1 ತೆರೆದೆ. ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿದೆ. ಆಮೇಲೆ ಫರ್ಮ್‌ವೇರ್, ಅಂದರೆ ರೂಟರಿನೊಳಗಿನ ಸಾಫ್ಟ್‌ವೇರ್, ಅಪ್‌ಡೇಟ್. ಪಾಸ್‌ವರ್ಡ್ ಹಾಕದೆ ಕೂಡಿಸುವ ಡಬ್ಲ್ಯುಪಿಎಸ್ ಆಫ್, ಹೊರಗಿನಿಂದ ರೂಟರ್ ತೆರೆಯುವ ಸೌಲಭ್ಯವೂ ಆಫ್. ಗಿರಣಿಯವರ ಲೆಕ್ಕ ನನ್ನ ಹತ್ತಿರ ಇರುವಾಗ ಇಲ್ಲಿ ಸಡಿಲ ಬಿಡಲು ನನಗೆ ಮನಸ್ಸು ಬರುವುದಿಲ್ಲ. ವೈಫೈ ಹೆಸರು, ಪಾಸ್‌ವರ್ಡ್ ಮಾತ್ರ ಹಳೆಯದ್ದೇ ಇಟ್ಟೆ. ಅದರಿಂದ ಮಾವನ ಫೋನು, ಟಿವಿ, ಪ್ರಿಂಟರ್ ಎಲ್ಲವೂ ತಾವಾಗಿಯೇ ಕೂಡಿಕೊಂಡವು. ಪ್ರಿಂಟರ್ ಹಳೆಯದು, ಡಬ್ಲ್ಯುಪಿಎ3 ಒಂದನ್ನೇ ಇಟ್ಟರೆ ಕೂಡುವುದಿಲ್ಲ. ಹಾಗಾಗಿ ಡಬ್ಲ್ಯುಪಿಎ2, ಡಬ್ಲ್ಯುಪಿಎ3 ಎರಡೂ ಇರುವ ಆಯ್ಕೆ ಇಟ್ಟೆ.

ಇನ್ನು ಪರೀಕ್ಷೆ. ನನ್ನ ಮಟ್ಟಿಗೆ ಮುಖ್ಯ ಕೆಲಸ ಇದೇ. ನೆಟ್ ನಿಧಾನ ಅಂದರೆ ತೊಂದರೆ ಹೊರಗಿನ ಲೈನಿನಲ್ಲಿ ಇರಬಹುದು, ಮನೆಯ ತಂತಿಯಲ್ಲಿ ಇರಬಹುದು, ಗಾಳಿಯಲ್ಲಿ ಇರಬಹುದು. ಮೂರನ್ನೂ ಬೇರೆ ಬೇರೆ ನೋಡಬೇಕು. ಅದಕ್ಕೆ ಮೊದಲು ವೈಫೈ ಮುಟ್ಟದೆ, ತಂತಿಯಲ್ಲೇ ಸ್ಪೀಡು ನೋಡಿದೆ. 94 ಬಂತು. ಇನ್ನೊಂದು ಸಲ, 94. ಮತ್ತೆ 94.

200 ಬರಬೇಕಾದ ಕಡೆ 94. ಮನೆಯವರು, "ಕಂಪನಿಯವ್ರು ಮೋಸ ಮಾಡ್ಯಾರ, ಫೋನ್ ಹಚ್ಚು" ಅಂದರು. ನನಗೆ ಆ ಅಂಕಿ ಅಲುಗಾಡದೆ ನಿಂತದ್ದು ವಿಚಿತ್ರ ಅನಿಸಿತು. ಲೈನಿನ ತೊಂದರೆ ಇದ್ದರೆ ಒಮ್ಮೆ 60, ಒಮ್ಮೆ 130 ಬರುತ್ತಿತ್ತು. 94ಕ್ಕೆ ಬೇರೆ ಅರ್ಥ ಇದೆ. ತಂತಿ 100ರ ಲೆಕ್ಕದಲ್ಲಿ ಕೂಡಿಕೊಂಡಾಗ, ಮೇಲು ಖರ್ಚು ಕಳೆದು ಕೈಗೆ ಸಿಗುವುದು ಹೆಚ್ಚುಕಡಿಮೆ ಅಷ್ಟೇ. ರೂಟರಿನ ಪುಟದಲ್ಲಿ ನೋಡಿದೆ. ಹೊರಗಿನ ಲೈನು ಸೇರುವ ವಾನ್ ಪೋರ್ಟ್ 100 ಅಂತಲೇ ತೋರಿಸುತ್ತಿತ್ತು.

ತಪ್ಪು ಇದ್ದದ್ದು ಎರಡು ಡಬ್ಬಿಗಳ ನಡುವೆ ನಾನೇ ಹಾಕಿದ ಹಳೇ ಕೇಬಲಿನಲ್ಲಿ. ಈ ಕೇಬಲಿನೊಳಗೆ ಎಂಟು ತಂತಿ, ನಾಲ್ಕು ಜೋಡಿ ಇರುತ್ತವೆ. 100ಕ್ಕೆ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಪಾರದರ್ಶಕ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಯಾರೋ ನಾಲ್ಕೇ ತಂತಿ ಒತ್ತಿದ್ದರು. ಹೊಸ ಕೇಬಲ್ ಹಾಕಿದೆ. 196, 198, 197. ಹಳೇ ರೂಟರ್ ಇದ್ದಾಗಲೂ ಇದೇ ಕೇಬಲ್ ಇತ್ತು. ಅಂದರೆ ಎಷ್ಟೋ ತಿಂಗಳು ನಾವು ಪೂರ್ತಿ ದುಡ್ಡು ಕಟ್ಟಿ ಅರ್ಧ ಸ್ಪೀಡು ಬಳಸಿದ್ದೇವೆ. ಇದು ನನಗೆ ತುಂಬಾ ಹೊಟ್ಟೆ ಉರಿಸಿದ ವಿಷಯ. ಅದಕ್ಕೇ ಇಷ್ಟು ಬಿಡಿಸಿ ಬರೆದಿದ್ದೇನೆ.

ತಂತಿ ಸರಿಯಾದ ಮೇಲೆ ಗಾಳಿಯ ಸರದಿ. ರೂಟರ್ ಪಡಸಾಲೆಯ ಟಿವಿ ಮೇಲೇ ಇತ್ತು. ಹತ್ತಿರ ನಿಂತರೆ 195. ನಡುಮನೆಯಲ್ಲಿ 110. ಹಿತ್ತಲ ಕೋಣೆಗೆ 5 ಗಿಗಾಹರ್ಟ್ಸ್ ತಲುಪಲೇ ಇಲ್ಲ. 2.4ರಲ್ಲಿ ಮೈನಸ್ 76, ಸ್ಪೀಡು 14. ರೂಟರ್ ಹೊಸದಾದರೂ ಗೋಡೆ ಅದೇ ತಾನೇ? 2.4ರ ಅಲೆಯ ಉದ್ದ 12.5 ಸೆಂಟಿಮೀಟರ್, 5ರದು ಅದರ ಅರ್ಧದಷ್ಟು. ದಪ್ಪ ಗೋಡೆಯಲ್ಲಿ 5ರ ಬಲವೇ ಜಾಸ್ತಿ ಸೋರಿ ಹೋಗುತ್ತದೆ.

ಮಾವ ನಡುಮನೆಯ ಗೋಡೆಗೂಡು ತೋರಿಸಿ, "ಇಲ್ಲಿ ಇಡವ್ವಾ, ಚೆಂದ ಕಾಣತೈತಿ" ಅಂದರು. ಇಟ್ಟು ನೋಡಿದೆ. ಪಡಸಾಲೆ ಕಡೆ ಮೈನಸ್ 48 ಇದ್ದದ್ದು 66ಕ್ಕೆ ಇಳಿಯಿತು. ಗೂಡು ಅಂದರೆ ಹಿಂದೆ, ಎಡಕ್ಕೆ, ಬಲಕ್ಕೆ, ಮೇಲೆ ಕೆಳಗೆ ಎಲ್ಲ ಕಲ್ಲು. ಮುಂದೆ ಮಾತ್ರ ಬಯಲು. "ಮಾವಾರ, ಇಲ್ಲಿ ದೀಪಾನೇ ಇರಲಿ" ಅಂದೆ. ಅವರೂ ಅಂಕಿ ನೋಡಿ ಒಪ್ಪಿದರು.

ಆಗ ನನ್ನ ಕಣ್ಣು ಬಾಗಿಲುಗಳ ಮೇಲೆ ಹೋಯಿತು. ನಮ್ಮ ಕಡೆ ಹಳೇ ಮನೆಗಳಲ್ಲಿ ತಲೆಬಾಗಿಲಿನಿಂದ ಹಿತ್ತಲ ಬಾಗಿಲವರೆಗೆ ಎಲ್ಲವೂ ಒಂದೇ ಸಾಲಿನಲ್ಲಿ ಇರುತ್ತವೆ. ಗಾಳಿ ಆಡಲಿ ಅಂತ ಹಿರಿಯರು ಮಾಡಿದ್ದು. ಅಲೆಗೂ ಅದೇ ದಾರಿ. ನಡುಮನೆಯಲ್ಲಿ ಆ ಸಾಲಿಗೆ ನೇರವಾಗಿ, ಎದೆ ಎತ್ತರಕ್ಕೆ ಒಂದು ಹಲಗೆ ಹೊಡೆದು ಅಲ್ಲಿಟ್ಟೆ. ಕಬ್ಬಿಣದ ಅಲ್ಮೇರಾ ಆ ದಾರಿಗೆ ಅಡ್ಡ ಇತ್ತು, ಸರಿಸಿದೆವು. ಪಡಸಾಲೆ 190, ಅಡುಗೆಮನೆ 160, ಹಿತ್ತಲ ಕೋಣೆ 45. ಒಂದು ರೂಪಾಯಿ ಖರ್ಚಿಲ್ಲದೆ 14 ಇದ್ದದ್ದು 45 ಆಯಿತು.

ಆದರೆ ಕೋಣೆಯ ಬಾಗಿಲು ಮುಚ್ಚಿದರೆ, ಮೇಜಿನ ಮೂಲೆಗೆ ಕೂತರೆ ಮತ್ತೆ ಇಳಿಯುತ್ತಿತ್ತು. 20ನೇ ತಾರೀಖಿಗೆ ಅದು ಸಾಲದು. 20 ಮೀಟರ್ ಕೇಬಲ್ ತಂದು, ಗೋಡೆ ಕೊರೆಯದೆ, ಬೆಳಕಿಂಡಿಗಳ ಮೂಲಕ ಎಳೆದೆವು. ಕೋಣೆಯಲ್ಲಿ ಹಳೇ ರೂಟರನ್ನೇ ಆಕ್ಸೆಸ್ ಪಾಯಿಂಟ್, ಅಂದರೆ ಬರೀ ವೈಫೈ ಹಂಚುವ ಡಬ್ಬಿ, ಮಾಡಿದೆ. ಇಲ್ಲಿ ಬಹಳ ಜನ ಎಡವುತ್ತಾರೆ. ಮೊದಲು ಹಳೇ ರೂಟರಿನ ಐಪಿ ವಿಳಾಸವನ್ನು, ಹೊಸದಕ್ಕೆ ಅಡ್ಡ ಬಾರದಂತೆ, 192.168.0.2 ಮಾಡಬೇಕು. ಫೋನು, ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ಅದರ ಡಿಎಚ್‌ಸಿಪಿ ಆಫ್ ಮಾಡಬೇಕು. ಕೇಬಲನ್ನು ವಾನ್ ಪೋರ್ಟಿಗೆ ಅಲ್ಲ, ಮನೆಯೊಳಗಿನ ತಂತಿಗೆ ಇರುವ ಲ್ಯಾನ್ ಪೋರ್ಟಿಗೆ ಹಾಕಬೇಕು. ವೈಫೈ ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇಟ್ಟೆ. ಮನೆಯೊಳಗೆ ಓಡಾಡಿದರೆ ಫೋನು ತಾನೇ ಹತ್ತಿರದ್ದನ್ನು ಹಿಡಿಯುತ್ತದೆ. ನಮ್ಮ ಲ್ಯಾಪ್‌ಟಾಪಂತೂ ತಂತಿಗೇ ಕೂತಿದೆ.

ಚಾನೆಲ್ ಬಗ್ಗೆ ಎರಡು ಮಾತು. ಚಾನೆಲ್ ಅಂದರೆ ಅಲೆ ಓಡುವ ಪಟ್ಟಿ. 2.4ರಲ್ಲಿ 1, 6, 11 ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ಆಪ್‌ನಲ್ಲಿ ನೋಡಿದರೆ ಓಣಿಯ ಹೆಚ್ಚಿನ ಮನೆಗಳು 6ರಲ್ಲೇ ಇದ್ದವು. ನಡುಮನೆಗೆ 1, ಕೋಣೆಗೆ 11 ಕೊಟ್ಟೆ. ಅಗಲ 20 ಮೆಗಾಹರ್ಟ್ಸ್.

ಇಷ್ಟಾದ ಮೇಲೂ ಒಂದು ಕಾಟ ಉಳಿದಿತ್ತು. ಮಗ ಏನಾದರೂ ದೊಡ್ಡ ಫೈಲ್ ಇಳಿಸಲು ಹಚ್ಚಿದರೆ ನನ್ನ ವಿಡಿಯೊ ಕರೆಯಲ್ಲಿ ಮಾತು ತುಂಡಾಗುತ್ತಿತ್ತು. ಸ್ಪೀಡು ನೋಡಿದರೆ ಚೆನ್ನಾಗಿಯೇ ಇತ್ತು. ಆಗ ಪಿಂಗ್, ಅಂದರೆ ಸಂದೇಶ ಹೋಗಿ ಬರಲು ಹಿಡಿಯುವ ಹೊತ್ತನ್ನು ಅಳೆಯುವ ಪರೀಕ್ಷೆ, ಹಚ್ಚಿ ನೋಡಿದೆ. ಸುಮ್ನೆ ಇದ್ದಾಗ 18 ಮಿಲಿಸೆಕೆಂಡ್. ಡೌನ್‌ಲೋಡ್ ಶುರುವಾದ ಕೂಡಲೇ 300 ದಾಟಿತು. ಲೈನು ತುಂಬಿದಾಗ ದತ್ತಾಂಶ ಡಬ್ಬಿಯೊಳಗೆ ಸಾಲುಗಟ್ಟಿ ನಿಲ್ಲುತ್ತದೆ. ನನ್ನ ಮಾತೂ ಆ ಸಾಲಿನ ಕೊನೆಗೆ ನಿಲ್ಲಬೇಕಾಗುತ್ತದೆ. ಯಾರಿಗೆ ಮೊದಲ ದಾರಿ ಅಂತ ನಿರ್ಧರಿಸುವ ರೂಟರಿನ ಕ್ಯುಒಎಸ್‌ನಲ್ಲಿ ಲೈನಿನ ಮಿತಿಯನ್ನು 180ಕ್ಕೆ ಕಟ್ಟಿದೆ, ಲ್ಯಾಪ್‌ಟಾಪಿಗೆ ಮೊದಲ ಸಾಲು ಕೊಟ್ಟೆ. ಈಗ ಡೌನ್‌ಲೋಡ್ ನಡೆಯುವಾಗಲೂ 35, 40ರ ಹತ್ತಿರ ನಿಲ್ಲುತ್ತದೆ. 20 ಎಂಬಿಪಿಎಸ್ ಬಿಟ್ಟುಕೊಟ್ಟದ್ದಕ್ಕೆ ನನಗೆ ಬೇಜಾರಿಲ್ಲ.

ಕರೆಂಟಿನದು ಬೇರೆ ಲೆಕ್ಕ. 12 ವೋಲ್ಟಿನ ಚಿಕ್ಕ ಯುಪಿಎಸ್ ತಂದೆ. ಕೊಳ್ಳುವಾಗ ಅಡಾಪ್ಟರ್ ಮೇಲಿನ ವೋಲ್ಟು, ಆಂಪಿಯರ್ ಎರಡನ್ನೂ ಓದಿಕೊಂಡು ಹೋಗಬೇಕು. ರೂಟರಿಗೆ ಮಾತ್ರ ಕೊಟ್ಟರೆ ಉಪಯೋಗ ಇಲ್ಲ, ಫೈಬರ್ ಡಬ್ಬಿಗೂ ಕೊಡಬೇಕು. ಮೇನ್ ಆಫ್ ಮಾಡಿ ಗಡಿಯಾರ ನೋಡಿದೆ. 3 ಗಂಟೆ 10 ನಿಮಿಷ ನಡೆಯಿತು. ಇನ್ನು ಬಿಸಿಲು. ನಮ್ಮ ರೂಟರಿನ ಕಾಗದದಲ್ಲಿ 40 ಡಿಗ್ರಿವರೆಗೆ ಅಂತ ಬರೆದಿದೆ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ ಅದನ್ನು ದಾಟುತ್ತದೆ. ಈ ದಪ್ಪ ಗೋಡೆಗಳು ನಡುಮನೆಯನ್ನು ತಂಪಾಗಿ ಇಡುವುದು ಆಗ ನಮಗೆ ಅನುಕೂಲ. ಯುಪಿಎಸ್ ಮಾತ್ರ ರೂಟರಿನ ಮೈಗೆ ತಾಗದಂತೆ ಕೆಳಗಿನ ಹಲಗೆಯಲ್ಲಿ ಇಟ್ಟಿದ್ದೇನೆ.

ಕೊನೆಗೆ ಒಂದು ರಾತ್ರಿ ಪೂರ್ತಿ ಪಿಂಗ್ ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಒಂದೂ ತಪ್ಪಿರಲಿಲ್ಲ. ಮುಂದಿನ 20ರಂದು ಬಾಗಿಲು ಮುಚ್ಚಿಕೊಂಡು, ನನ್ನ ಮೇಜಿನಲ್ಲೇ ಕೂತು ಎಲ್ಲ ರಿಟರ್ನ್ ಸಲ್ಲಿಸಿದೆ.

ನೋಟ್‌ಬುಕ್ಕಿನಲ್ಲಿ ಮಾಳಿಗೆಯ ಸಾಲು ಮಾತ್ರ ಇನ್ನೂ ಮೈನಸ್ 78 ಅಂತಲೇ ಇದೆ. ಸದ್ಯಕ್ಕೆ ಅಲ್ಲಿ ಯಾರೂ ಕೂರುವುದಿಲ್ಲ. ಬೇಸಿಗೆ ಬಂದರೆ ಮಾವ ಹಾಸಿಗೆ ಅಲ್ಲಿಗೇ ಒಯ್ಯುತ್ತಾರೆ, ಮಲಗುವ ಮೊದಲು ಫೋನಿನಲ್ಲಿ ವಚನ ಕೇಳುತ್ತಾರೆ. ಅದಕ್ಕೆ ಬೇಕಾಗುವ ಕೇಬಲ್ ತಂದು ಸುತ್ತಿ ಇಟ್ಟಿದ್ದೇನೆ. ಯುಗಾದಿಯೊಳಗೆ ಎಳೆಯಬೇಕು.