ಗೆಳೆಯರ ಫೋಟೊ ನೋಡಿ ಅಭಿಪ್ರಾಯ ಹೇಳುವುದು ಹೇಗೆ?

ಹವ್ಯಾಸಿ ಛಾಯಾಗ್ರಾಹಕರು ನಾಲ್ಕೈದು ಮಂದಿ ಸೇರಿ ಒಬ್ಬರ ಚಿತ್ರವನ್ನು ಇನ್ನೊಬ್ಬರು ನೋಡುವಾಗ ಸಾಮಾನ್ಯವಾಗಿ ಎರಡೇ ಬಗೆಯ ಮಾತು ಕೇಳಿಬರುತ್ತದೆ. ‘ಸೂಪರ್, ತುಂಬಾ ಚೆನ್ನಾಗಿದೆ’ ಎಂಬುದು ಒಂದು. ‘ದಿಗಂತ ವಾಲಿದೆ, ನಾಯ್ಸ್ (ಚಿತ್ರದ ಮೇಲಿನ ಕಾಳುಕಾಳು ಚುಕ್ಕೆಗಳು) ಜಾಸ್ತಿ, ಹಿನ್ನೆಲೆ ಸರಿಯಿಲ್ಲ’ ಎಂಬ ದೋಷಪಟ್ಟಿ ಇನ್ನೊಂದು. ಮೊದಲನೆಯದರಿಂದ ಕಲಿಯುವುದಕ್ಕೆ ಏನೂ ಸಿಗುವುದಿಲ್ಲ. ಎರಡನೆಯದರಲ್ಲಿ ವಿಷಯವಿದ್ದರೂ, ಯಾವುದನ್ನು ಮೊದಲು ತಿದ್ದಿಕೊಳ್ಳಬೇಕು, ಹೇಗೆ ತಿದ್ದಿಕೊಳ್ಳಬೇಕು ಎಂಬುದು ಕೇಳಿದವರಿಗೆ ತಿಳಿಯುವುದಿಲ್ಲ. ಮುಂದಿನ ಸಲ ಕ್ಯಾಮೆರಾ ಕೈಗೆತ್ತಿಕೊಂಡಾಗ ನೆನಪಿಗೆ ಬಂದು ಕೆಲಸಕ್ಕೆ ಒದಗುವ ಮಾತನ್ನು ಹೇಳಬೇಕಾದರೆ ಕೆಲವು ಹಂತಗಳನ್ನು ಅನುಸರಿಸುವುದು ಒಳ್ಳೆಯದು.

ಮೊದಲು ಸುಮ್ಮನೆ ನೋಡಿ

ಚಿತ್ರ ಕಣ್ಣೆದುರು ಬಂದ ಕೂಡಲೇ ಬಾಯಿ ತೆರೆಯಬೇಡಿ. ಒಂದು ನಿಮಿಷವಾದರೂ ನೋಡಿ. ಮೊದಲು ಇಡೀ ಚಿತ್ರವನ್ನು ಚಿಕ್ಕದಾಗಿ ನೋಡಿದರೆ ಬೆಳಕು–ಕತ್ತಲೆಗಳ ಹಂಚಿಕೆ ಹೇಗಿದೆ, ಕಣ್ಣು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು ಗೊತ್ತಾಗುತ್ತದೆ. ಆಮೇಲೆ ದೊಡ್ಡದು ಮಾಡಿ ನೋಡಿದರೆ ಫೋಕಸ್ ಎಲ್ಲಿ ಕೂತಿದೆ ಎಂಬುದು ಕಾಣುತ್ತದೆ. ಪರದೆಯ ಹೊಳಪು ತೀರಾ ಕಡಿಮೆಯಿಟ್ಟ ಮೊಬೈಲಿನಲ್ಲಿ ನೋಡಿ ‘ಚಿತ್ರ ಕಪ್ಪಾಗಿದೆ’ ಎನ್ನುವುದು ನ್ಯಾಯವಲ್ಲ. ಅನುಮಾನವಿದ್ದರೆ ಹಿಸ್ಟೋಗ್ರಾಂ, ಅಂದರೆ ಎಡದ ಕಪ್ಪಿನಿಂದ ಬಲದ ಬಿಳಿಯವರೆಗೆ ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ, ನೋಡಿ: ಗುಡ್ಡೆಯೆಲ್ಲ ಎಡಕ್ಕೆ ಒತ್ತಿಕೊಂಡಿದ್ದರೆ ಚಿತ್ರ ನಿಜವಾಗಿಯೂ ಕಪ್ಪಾಗಿದೆ, ಇಲ್ಲದಿದ್ದರೆ ತೊಂದರೆ ನಿಮ್ಮ ಪರದೆಯದ್ದು.

ನೋಡಿದ ಮೇಲೆ, ತೆಗೆದವರನ್ನು ಎರಡು ಪ್ರಶ್ನೆ ಕೇಳಿ: ಇದರಲ್ಲಿ ಏನನ್ನು ತೋರಿಸಬೇಕೆಂದಿದ್ದಿರಿ, ಯಾವುದರ ಬಗ್ಗೆ ನಿಮಗೆ ಅಭಿಪ್ರಾಯ ಬೇಕು? ಈ ಪ್ರಶ್ನೆಗಳನ್ನು ಕೇಳದೆ ನಾನೊಮ್ಮೆ ಪೇಚಿಗೆ ಸಿಕ್ಕಿಕೊಂಡಿದ್ದೇನೆ. ಅಂಗಳದಲ್ಲಿ ತಪ್ಪುಹೆಜ್ಜೆ ಇಡುತ್ತಿದ್ದ ಮಗುವಿನ ಚಿತ್ರವೊಂದನ್ನು ನೋಡಿ, ಬಲಬದಿಯ ಕಪ್ಪು ನೆರಳನ್ನು ಕ್ರಾಪ್ ಮಾಡಿ ತೆಗೆದುಬಿಡಿ ಎಂದು ಗತ್ತಿನಿಂದ ಹೇಳಿದ್ದೆ. ಅದು ಮಗುವಿನತ್ತ ಕೈಚಾಚಿ ನಿಂತಿದ್ದ ತಂದೆಯ ನೆರಳಾಗಿತ್ತು, ಚಿತ್ರ ತೆಗೆದದ್ದೇ ಅದಕ್ಕಾಗಿ. ಆದರೂ ನನಗೆ ಅದು ಕೈಯಂತೆ ಕಾಣಲಿಲ್ಲ ಎಂಬುದು ಛಾಯಾಗ್ರಾಹಕರಿಗೆ ತಿಳಿಯಬೇಕಾದ ಸಂಗತಿಯೇ. ಕತ್ತರಿಸಲು ಹೇಳುವ ಬದಲು ‘ಇದು ಏನೆಂದು ಗೊತ್ತಾಗಲಿಲ್ಲ’ ಎಂದಿದ್ದರೆ ಸಾಕಿತ್ತು.

ಕಂಡದ್ದನ್ನು ಹೇಳಿ, ತೀರ್ಪು ಆಮೇಲೆ

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಕಿಟಕಿಯ ಪಕ್ಕ ಕುಳಿತ ವೃದ್ಧೆಯೊಬ್ಬರು ಸೂಜಿಗೆ ದಾರ ಪೋಣಿಸುತ್ತಿದ್ದಾರೆ. ಬೆಳಕು ಪಕ್ಕದಿಂದ ಬಿದ್ದು ಬೆರಳುಗಳ ಸುಕ್ಕುಗಳನ್ನು ಎತ್ತಿ ತೋರಿಸುತ್ತಿದೆ. ಸೂಜಿ ಸ್ಪಷ್ಟವಾಗಿದೆ, ಕಣ್ಣುಗಳು ಮಸುಕಾಗಿವೆ, ಎಡ ಅಂಚಿನಲ್ಲಿ ಕೆಂಪು ಬಕೆಟ್ಟಿನ ಅರ್ಧ ಭಾಗ ಇಣುಕುತ್ತಿದೆ.

ಇದಕ್ಕೆ ‘ಬಕೆಟ್ ಹಾಳುಮಾಡಿದೆ, ಕಣ್ಣು ಶಾರ್ಪ್ ಇಲ್ಲ’ ಎನ್ನಬಹುದು. ‘ನನ್ನ ಕಣ್ಣು ಮೊದಲು ಕೆಂಪು ಬಣ್ಣಕ್ಕೆ ಹೋಯಿತು, ಆಮೇಲೆ ಬೆರಳುಗಳಿಗೆ ಬಂತು, ಬೆರಳಿನ ಮೇಲಿನ ಬೆಳಕು ಬಹಳ ಹಿಡಿಸಿತು, ಮುಖಕ್ಕೆ ಹೋದಾಗ ಅವರು ಏಕಾಗ್ರತೆಯಿಂದ ನೋಡುತ್ತಿದ್ದಾರೆಯೇ ಎಂಬುದು ತಿಳಿಯಲಿಲ್ಲ’ ಎಂದೂ ಹೇಳಬಹುದು. ಎರಡರಲ್ಲೂ ಇರುವ ದೋಷಗಳು ಒಂದೇ. ಆದರೆ ಎರಡನೆಯ ಮಾತು ನೋಡುಗನ ಕಣ್ಣು ಚಿತ್ರದೊಳಗೆ ಓಡಾಡಿದ ದಾರಿಯನ್ನು ಒಪ್ಪಿಸುತ್ತದೆ, ಮತ್ತು ತಾನು ತೆಗೆದ ಚಿತ್ರವನ್ನು ಮೊದಲ ಸಲ ನೋಡುವವನ ಹಾಗೆ ನೋಡುವುದು ಯಾವ ಛಾಯಾಗ್ರಾಹಕನಿಗೂ ಸಾಧ್ಯವಿಲ್ಲದ್ದರಿಂದ, ಬೇರೆಯವರು ಕೊಡಬಹುದಾದದ್ದರಲ್ಲಿ ಅದಕ್ಕಿಂತ ಬೆಲೆಬಾಳುವಂಥದ್ದು ಕಡಿಮೆ. ಮೆಚ್ಚುಗೆಯೂ ಹೀಗೆಯೇ ನಿರ್ದಿಷ್ಟವಾಗಿರಲಿ. ‘ಬೆಳಕು ಪಕ್ಕದಿಂದ ಬಂದದ್ದರಿಂದ ಸುಕ್ಕುಗಳು ಎದ್ದು ಕಾಣುತ್ತಿವೆ’ ಎಂದರೆ ಅದನ್ನು ಮತ್ತೊಮ್ಮೆ ಮಾಡುವುದು ಅವರಿಗೆ ಸಾಧ್ಯವಾಗುತ್ತದೆ.

ಕಾರಣ ಹುಡುಕಿ

ಬಹಳಷ್ಟು ಸಲಹೆಗಳು ದಾರಿ ತಪ್ಪುವುದು ಇಲ್ಲಿ. ‘ಮಸುಕಾಗಿದೆ, ಟ್ರೈಪಾಡ್ ಬಳಸಿ’ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಮಸುಕಿಗೆ ಕಾರಣಗಳು ಬೇರೆ ಬೇರೆ. ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿದ್ದು, ಬೆಳಕಿನ ಚುಕ್ಕೆಗಳು ಪುಟ್ಟ ಗೆರೆಗಳಾಗಿದ್ದರೆ ಕೈ ಅಲುಗಿದೆ ಎಂದರ್ಥ. ಹಿನ್ನೆಲೆ ಸ್ಪಷ್ಟವಾಗಿದ್ದು ಓಡುವ ನಾಯಿಯಷ್ಟೇ ಮಸುಕಾಗಿದ್ದರೆ ಶಟರ್ ವೇಗ, ಅಂದರೆ ಬೆಳಕಿಗೆ ತೆರೆದುಕೊಂಡ ಕ್ಯಾಮೆರಾದ ಬಾಗಿಲು ಮುಚ್ಚಿಕೊಳ್ಳುವ ವೇಗ, ಸಾಲದಾಗಿದೆ. ಅಲ್ಲಿ ಟ್ರೈಪಾಡ್ ಕೊಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಮುಖ ಮಸುಕಾಗಿ ಅದರ ಮುಂದಿನದೋ ಹಿಂದಿನದೋ ಸ್ಪಷ್ಟವಾಗಿದ್ದರೆ ಫೋಕಸ್ ಬೇರೆ ಕಡೆ ಕೂತಿದೆ. ಕೈ ಅಲುಗುವುದಕ್ಕೆ ಹಳೆಯ ಲೆಕ್ಕವೊಂದಿದೆ: ಸ್ಥಿರಗೊಳಿಸುವ ವ್ಯವಸ್ಥೆ ಇಲ್ಲದಿದ್ದರೆ, 200 ಎಂಎಂ ಲೆನ್ಸಿಗೆ ಶಟರ್ ವೇಗ ಕನಿಷ್ಠ 1/200 ಸೆಕೆಂಡ್ ಇರಲಿ.

ಸೂಜಿಯ ಚಿತ್ರದಲ್ಲಿ ಆಗಿರುವುದು ಮೂರನೆಯದಕ್ಕೆ ಹತ್ತಿರದ್ದು. 50 ಎಂಎಂ ಲೆನ್ಸಿನಲ್ಲಿ ಎಫ್ 1.8 (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಅಳತೆ; ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು) ಇಟ್ಟು ಒಂದು ಮೀಟರ್ ದೂರದಿಂದ ತೆಗೆದರೆ, ಫುಲ್ ಫ್ರೇಮ್ (35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಸುಮಾರು 4 ಸೆಂಟಿಮೀಟರ್ ಮಾತ್ರ. ಸೂಜಿ ಮತ್ತು ಕಣ್ಣು ಎರಡೂ ಅಷ್ಟರಲ್ಲಿ ಹಿಡಿಸುವುದಿಲ್ಲ. ಎಫ್ 5.6ಕ್ಕೆ ಹೋದರೆ ಆಳ 13 ಸೆಂಟಿಮೀಟರಿನಷ್ಟಾಗುತ್ತದೆ, ಆದರೆ ಒಳಬರುವ ಬೆಳಕು ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದನ್ನು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸಿಯೋ ಶಟರ್ ವೇಗ ಇಳಿಸಿಯೋ ತುಂಬಿಕೊಳ್ಳಬೇಕು. ನಾಯ್ಸ್ ಸ್ವಲ್ಪ ಬಂದರೆ ಬರಲಿ ಎಂಬುದು ನನ್ನ ಅಭಿಪ್ರಾಯ. ಕಣ್ಣುಗಳನ್ನು ಬಿಟ್ಟುಕೊಟ್ಟು ಪಡೆದ ನುಣುಪು ಇಂಥ ಚಿತ್ರಕ್ಕೆ ಬೇಡ.

ಎಲ್ಲಿ ತಿದ್ದಬಹುದು ಎಂದು ತಿಳಿಸಿ

ವಾಲಿದ ದಿಗಂತ, ತಪ್ಪಿದ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದು) ಮುಂತಾದವನ್ನು ಮನೆಯಲ್ಲಿ ಕುಳಿತು ಸರಿಪಡಿಸಬಹುದು; ಅವಕ್ಕೆ ಒಂದೊಂದು ವಾಕ್ಯ ಸಾಕು. ಪೂರ್ತಿ ಬಿಳಿಯಾಗಿ ಸುಟ್ಟುಹೋದ ಆಕಾಶವನ್ನು ಜೆಪೆಗ್ ಫೈಲಿನಿಂದ ಮರಳಿ ತರಲಾಗುವುದಿಲ್ಲ, ತಲೆಯ ಹಿಂದೆ ಕೊಂಬಿನಂತೆ ಎದ್ದ ಕಂಬವನ್ನು ತಪ್ಪಿಸಲು ತೆಗೆಯುವಾಗಲೇ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಬೇಕಿತ್ತು. ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳಿ. ‘ಒಳ್ಳೆಯ ಲೆನ್ಸ್ ಕೊಂಡುಕೊಳ್ಳಿ’ ಎಂಬುದು ಸಲಹೆಯಲ್ಲ.

ಅಂಚುಗಳ ವಿಷಯದಲ್ಲಿ ಮಾತ್ರ ಖಡಾಖಂಡಿತವಾಗಿ ಮಾತಾಡುವ ಮುನ್ನ ಯೋಚಿಸಿ. ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ ತೆಗೆದ ವಲಸೆ ತಾಯಿಯ ಪ್ರಸಿದ್ಧ ಚಿತ್ರದ ಬಲ ಕೆಳಮೂಲೆಯಲ್ಲಿ, ಗುಡಾರದ ಕಂಬ ಹಿಡಿದ ಹೆಬ್ಬೆರಳೊಂದಿತ್ತು. ಅದು ಕಣ್ಣಿಗೆ ಅಡ್ಡಿ ಎನ್ನಿಸಿ ಆಕೆ ನೆಗೆಟಿವ್‌ನಲ್ಲೇ ಅದನ್ನು ಅಳಿಸಲು ಏರ್ಪಾಡು ಮಾಡಿದರು. ಆಕೆಯ ಮೇಲಧಿಕಾರಿ ರಾಯ್ ಸ್ಟ್ರೈಕರ್ ಅವರಿಗೆ ಆ ತಿದ್ದುಪಡಿ ಹಿಡಿಸಲಿಲ್ಲ. ನುರಿತವರಲ್ಲೇ ಇಷ್ಟು ಭಿನ್ನಾಭಿಪ್ರಾಯವಿರುವಾಗ, ಬಕೆಟ್ಟಿನ ಕುರಿತು ‘ಅದು ಅಲ್ಲಿರಬೇಕೆಂದು ನೀವೇ ಬಯಸಿದ್ದಿರಾ’ ಎಂದು ಕೇಳಿ ಮುಂದುವರಿಯುವುದು ಮೇಲು. ಬೇಕಿರಲಿಲ್ಲ ಎಂದರೆ ಬೆರಳಿನಿಂದ ಆ ಭಾಗವನ್ನು ಮುಚ್ಚಿ ತೋರಿಸಿ. ಹತ್ತು ಮಾತಿನ ಕೆಲಸ ಅಷ್ಟರಲ್ಲಿ ಆಗಿಬಿಡುತ್ತದೆ.

ಎಷ್ಟು ಹೇಳಬೇಕು?

ಒಂದು ಚಿತ್ರಕ್ಕೆ ಒಂದು ಮುಖ್ಯ ದೋಷ, ಹೆಚ್ಚೆಂದರೆ ಎರಡು. ಉಳಿದವನ್ನು ನುಂಗಿಕೊಳ್ಳಿ. ಚಿತ್ರದಲ್ಲಿರುವ ವ್ಯಕ್ತಿಯ ಮೈಬಣ್ಣ, ದಪ್ಪ, ಉಡುಪುಗಳ ಬಗ್ಗೆ ಹೇಳಲು ನಿಮ್ಮನ್ನು ಯಾರೂ ಕರೆದಿಲ್ಲ. ‘ನೀವು ಫೋಕಸ್ ತಪ್ಪಿಸಿದ್ದೀರಿ’ ಎನ್ನುವ ಬದಲು ‘ಫೋಕಸ್ ಸೂಜಿಯ ಮೇಲಿದೆ’ ಎಂದರೆ ಮಾತು ಚಿತ್ರದ ಮೇಲೆ ನಿಲ್ಲುತ್ತದೆ, ತೆಗೆದವರು ಸಮರ್ಥನೆಗೆ ಇಳಿಯುವ ಪ್ರಮೇಯ ಕಡಿಮೆಯಾಗುತ್ತದೆ.

ಅವರು ಅದೇ ಚಿತ್ರವನ್ನು ಮತ್ತೆ ತೆಗೆದುತಂದರೆ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು, ಮೊದಲು ನೀವು ಹೇಳಿದ್ದ ಅಂಶವನ್ನಷ್ಟೇ ನೋಡಿ. ಎಫ್ 5.6ರಲ್ಲಿ ಕಣ್ಣುಗಳು ಈಗ ಸ್ಪಷ್ಟವಾಗಿರಬಹುದು. ಜೊತೆಗೆ, ಮೊದಲು ಮಸುಕಾಗಿ ಕರಗಿಹೋಗಿದ್ದ ಹಿಂಬದಿಯ ಗೋಡೆಯ ಕ್ಯಾಲೆಂಡರ್ ಕೂಡ ಮೂಡಿಬಂದು ಕಣ್ಣಿಗೆ ಚುಚ್ಚುತ್ತಿರಬಹುದು. ಹಾಗಾಗಿದ್ದರೆ ಅದು ನಿಮ್ಮ ಸಲಹೆಯಿಂದಲೇ ಆದದ್ದು ಎಂದು ನೀವೇ ಮೊದಲು ಹೇಳಿ.